ಗ್ವಾಡಿಯಾಚೆಯ ವೈಫೈ

ಕಂಪ್ಯೂಟರಿನೊಳಗೆ ಕೂರುವ ವೈಫೈ ಕಾರ್ಡು ನೋಡಿದ್ದೀರಾ? 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದ. ಅಂಗೈಯಲ್ಲಿ ಇಟ್ಟುಕೊಂಡರೆ ಒಂದು ಅಂಚೆಚೀಟಿಯಷ್ಟು ಕಾಣುತ್ತೆ. ಅಷ್ಟು ಸಣ್ಣ ವಸ್ತು ಹೋದ ಕಾರ್ತಿಕ ಮಾಸದಲ್ಲಿ ನನ್ನನ್ನು ಒಂದು ವಾರ ಕುಣಿಸಿತು. ಆ ವಾರ ಕೆಟ್ಟಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು, ಅಪ್ಪನ ಹತ್ತಿರ ಇರುವ ಅವಕಾಶವೂ ಹೋಗುತ್ತಿತ್ತು.

ನಮ್ಮೂರು ಚೀಕಲಪರ್ವಿ. ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ. ತುಂಗಭದ್ರೆಯ ದಂಡೆಯ ಮೇಲಿದೆ, ಹೊಳೆ ದಾಟಿದರೆ ಆಂಧ್ರ. ಮೊಬೈಲು ಎಷ್ಟೋ ಸಲ ಆಚೆ ದಂಡೆಯ ಟವರನ್ನೇ ಹಿಡಿದುಕೊಂಡು ಕೂರುತ್ತೆ. ದಾಸ ಸಾಹಿತ್ಯ ಓದಿದವರಿಗೆ ಊರಿನ ಹೆಸರು ಗೊತ್ತಿರುತ್ತೆ. 1682ರಲ್ಲಿ ವಿಜಯದಾಸರು ಹುಟ್ಟಿದ ಊರಿದು. ಬಡತನ ತಾಳಲಾರದೆ ಊರು ಬಿಟ್ಟು ಕಾಶಿಗೆ ಹೋಗಿ, ಮತ್ತೆ ಮರಳಿ ಬಂದರು ಅಂತ ನಮ್ಮಲ್ಲಿ ಹೇಳ್ತಾರೆ. ನಾನು ಬಿಟ್ಟು ಹೋದದ್ದು ಬೆಂಗಳೂರಿಗೆ. ಮರಳಿ ಬಂದದ್ದು ಅಪ್ಪನಿಗೆ ಲಕ್ವಾ ಹೊಡೆದಾಗ.

ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಅದಕ್ಕಿಂತ ಕಷ್ಟವಾದದ್ದು ಮಾತು ಹೋದದ್ದು. ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, "ಮೊದಲ ಕೆಲವು ತಿಂಗಳು ಬಹಳ ಮುಖ್ಯ. ದಿನಾ ವ್ಯಾಯಾಮ ಮಾಡಿಸಿ, ದಿನಾ ಮಾತಾಡಿಸಿ" ಅಂದರು. ಅವ್ವ ಒಬ್ಬಳೇ. ಅಪ್ಪನನ್ನು ಎಬ್ಬಿಸಿ ಕೂರಿಸಬೇಕು ಅಂದರೂ ಪಕ್ಕದ ಮನೆಯವರನ್ನು ಕರೀಬೇಕು. ನಾನು ಒಬ್ಬಳೇ ಮಗಳು.

ಬೆಂಗಳೂರಿನಲ್ಲಿ ನಾನು ಮಾಡೋದು ವಿಡಿಯೊ ಎಡಿಟಿಂಗ್. ಮಕ್ಕಳ ಪಾಠದ ವಿಡಿಯೊ ಮಾಡುವ ಸಣ್ಣ ಕಂಪನಿ. ಅವರು ಲ್ಯಾಪ್‌ಟಾಪ್ ಕೊಡೋದಿಲ್ಲ, ನಮ್ಮ ನಮ್ಮ ಕಂಪ್ಯೂಟರಿನಲ್ಲೇ ಕೆಲಸ. ಮೂರು ತಿಂಗಳು ಊರಿನಿಂದ ಕೆಲಸ ಮಾಡ್ತೀನಿ ಅಂತ ಕೇಳಿಕೊಂಡೆ. ನಮ್ಮ ಲೀಡ್ ಒಳ್ಳೆಯವರೇ. ಆದರೂ ಅವರಿಗೂ ಮೇಲೆ ಉತ್ತರ ಹೇಳೋದಿರುತ್ತಲ್ಲ. "ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆನ್‌ಲೈನ್ ಇರು. ಒಂದು ವಾರ ಸರಿಯಾಗಿ ನಡೆದರೆ ಮುಂದೆ ನೋಡೋಣ" ಅಂದರು. ಮುಂದೆ ನೋಡೋಣ ಅನ್ನುವುದರ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು.

ನನ್ನ ಕಂಪ್ಯೂಟರು ನಾನೇ ಜೋಡಿಸಿದ್ದು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಮೂರು ಶನಿವಾರ ಅಲೆದು, ಒಂದೊಂದೇ ಭಾಗ ಕೊಂಡು, ರಾತ್ರಿಯೆಲ್ಲ ಕೂತು ಕಟ್ಟಿದ್ದೆ. ಎಎಮ್‌ಡಿ ಪ್ರೊಸೆಸರು, ಬಿ550 ಚಿಪ್‌ಸೆಟ್ಟಿನ ಮದರ್‌ಬೋರ್ಡು, ಎರಡು ಸ್ಲಾಟಿನಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು. ವೈಫೈ ಇರುವ ಬೋರ್ಡಿಗೆ ಎರಡು ಸಾವಿರ ರೂಪಾಯಿ ಹೆಚ್ಚು ಅಂದಿದ್ದರು. ಅಂಗಡಿಯವರು, "ಮೇಡಂ, ಡೆಸ್ಕ್‌ಟಾಪಿಗೆ ವೈಫೈ ಯಾಕೆ? ಕೇಬಲ್ ಹಾಕ್ಕೊಳ್ಳಿ" ಅಂದರು. ರೂಮಿನಲ್ಲಿ ರೂಟರು ಮೇಜಿನ ಮೇಲೇ ಇತ್ತು. ನಾನೂ ಹೌದು ಅಂದುಕೊಂಡೆ. ಆಗ ಉಳಿಸಿದ ಎರಡು ಸಾವಿರಕ್ಕೆ ಊರಿನಲ್ಲಿ ಬಡ್ಡಿ ಸಮೇತ ಕಟ್ಟಬೇಕಾಯ್ತು.

ಊರಿನಲ್ಲಿಯೂ ಕೇಬಲ್ ಹಾಕಬಹುದಿತ್ತು. ಹಾಕಲಾಗಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯ ಗೋಡೆ.

ನಮ್ಮದು ಒಂದು ಕಾಲಕ್ಕೆ ಒಂದೇ ಮನೆ. ಕಲ್ಲು, ಮಣ್ಣಿನ ದಪ್ಪ ಗೋಡೆಯ ಹಳೇ ಮನೆ. ಅಪ್ಪನಿಗೂ ದೊಡ್ಡಪ್ಪನಿಗೂ ಹೊಲದ ವಿಷಯಕ್ಕೆ ಜಗಳ ಬಂದು ಎಂಟು ವರ್ಷದ ಹಿಂದೆ ಪಾಲಾಯ್ತು. ಪಡಸಾಲಿಯ ನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದಿತು. ಮುಂದಿನ ಭಾಗ ದೊಡ್ಡಪ್ಪನದು, ಹಿಂದಿನದು ನಮ್ಮದು. ನಮಗೆ ಈಗ ಹಿತ್ತಲ ಕಡೆಯಿಂದ ಬಾಗಿಲು. ಗೋಡೆ ಎದ್ದ ಮೇಲೆ ಅಣ್ಣತಮ್ಮರ ನಡುವೆ ಮಾತಿಲ್ಲ. ಲಕ್ವಾ ಹೊಡೆದ ದಿನ ದೊಡ್ಡಪ್ಪ ಆಂಬುಲೆನ್ಸಿನ ತನಕ ಬಂದಿದ್ದರಂತೆ. ಬಾಗಿಲು ಹಾಕುವ ತನಕ ನಿಂತು, ಏನೂ ಹೇಳದೆ ವಾಪಸ್ ಹೋದರು ಅಂತ ಅವ್ವ ಹೇಳಿದಳು.

ಫೈಬರ್ ಇಂಟರ್ನೆಟ್ಟು ಇರೋದು ಗೋಡೆಯ ಆಚೆ. ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಕೆಲಸ ಮಾಡ್ತಾನೆ. ಊರಿಗೆ ಬಂದಾಗ ಬೇಕು ಅಂತ ಅವನೇ ಹಾಕಿಸಿದ್ದ. ನಮ್ಮ ಕಡೆಗೆ ಹೊಸ ಲೈನು ಬೇಕು ಅಂದರೆ, "ಅರ್ಜಿ ಕೊಡ್ರಿ, ಹದಿನೈದಿಪ್ಪತ್ತು ದಿವಸ ಆಗ್ತದ" ಅಂದರು. ನನ್ನ ಕೈಯಲ್ಲಿ ಇದ್ದದ್ದು ಐದು ದಿನ.

ಹಿತ್ತಲಿನಿಂದ ಸುತ್ತಿ ಹೋಗಿ ದೊಡ್ಡವ್ವನನ್ನು ಕೇಳಿದೆ. ಆಕೆ ಒಳಗೆ ಹೋಗಿ ಒಂದು ಚೀಟಿ ತಂದು ಕೈಯಲ್ಲಿಟ್ಟಳು. ಪಾಸ್‌ವರ್ಡ್ ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ. ಯಾವ ಹೊಲಕ್ಕಾಗಿ ಇಬ್ಬರೂ ಜಗಳಾಡಿದ್ದರೋ ಅದರದೇ ಸರ್ವೆ ನಂಬರು.

ಪಾಸ್‌ವರ್ಡ್ ಸಿಕ್ಕಿತು. ಗೋಡೆಗೆ ತೂತು ಹಾಕ್ತೀವಿ ಅಂತ ಕೇಳುವ ಧೈರ್ಯ ನನಗೂ ಇರಲಿಲ್ಲ, ಅವ್ವನಿಗೂ ಇರಲಿಲ್ಲ. "ಬ್ಯಾಡವಾ, ಆ ಗ್ವಾಡಿ ಸುದ್ದಿಗಿ ಹೋಗಬ್ಯಾಡ. ಮತ್ತ ಹಳೇದೆಲ್ಲ ಹೊರಗ ಬರ್ತದ" ಅಂದಳು. ಹಾಗಾಗಿ ನನಗೆ ವೈರಿಲ್ಲದ ದಾರಿ ಬೇಕಾಗಿತ್ತು.

ಇನ್ನು ಕಾರ್ಡಿನ ಕಥೆ.

ಊರಿಗೆ ಹೊರಡುವ ಮುಂಚೆಯೇ ಮದರ್‌ಬೋರ್ಡಿನ ಪುಸ್ತಕ ತೆಗೆದು ನೋಡಿದ್ದೆ. ಬೋರ್ಡಿನಲ್ಲಿ ಎಮ್.2 ಅನ್ನುವ ಸ್ಲಾಟು ಮೂರು ಇದ್ದವು. ಇಲ್ಲೇ ಬಹಳ ಜನ ಎಡವೋದು. ಎಮ್.2 ಅನ್ನೋದು ಬರೀ ಆಕಾರದ ಹೆಸರು. ಎಸ್‌ಎಸ್‌ಡಿ ಕೂರುವ ಸ್ಲಾಟಿನ ಗೀರು ಒಂದು ಕಡೆ ಇರುತ್ತೆ, ಅದಕ್ಕೆ ಕೀ ಎಮ್ ಅಂತಾರೆ. ವೈಫೈ ಕಾರ್ಡಿನ ಸ್ಲಾಟಿಗೆ ಕೀ ಇ ಅಂತಾರೆ, ಅದರ ಗೀರು ಬೇರೆ ಕಡೆ. ಒಂದರದ್ದು ಇನ್ನೊಂದರಲ್ಲಿ ಕೂರೋದಿಲ್ಲ. ಒತ್ತಿ ಕೂರಿಸಲು ಹೋದರೆ ಎರಡೂ ಹಾಳು. ನನ್ನ ಬೋರ್ಡಿನಲ್ಲಿ ಒಂದು ಕೀ ಇ ಸ್ಲಾಟು ಖಾಲಿ ಇತ್ತು. ವೈಫೈ ಇಲ್ಲದ ಬೋರ್ಡು ಅಂತ ಮಾರಿದರೂ ಜಾಗ ಮಾತ್ರ ಬಿಟ್ಟಿದ್ದರು. ಖುಷಿಯಾಯ್ತು.

ಆನ್‌ಲೈನಿನಲ್ಲಿ ಹುಡುಕಿದೆ. ಇಂಟೆಲ್ ಕಂಪನಿಯ ಎಎಕ್ಸ್200, ಎಎಕ್ಸ್201, ಎಎಕ್ಸ್210, ಎಎಕ್ಸ್211 ಅಂತ ಸಾಲಾಗಿ ಬಂದವು. ನೋಡೋಕೆ ಎಲ್ಲವೂ ಅವಳಿ ಜವಳಿ. 201 ಅಗ್ಗ ಇತ್ತು, 1,300 ರೂಪಾಯಿ. 200ಕ್ಕಿಂತ 201 ಒಂದು ಹೆಚ್ಚು, ಅಂದಮೇಲೆ ಹೊಸದೇ ಇರಬೇಕು ಅಂತ ಬುದ್ಧಿವಂತಿಕೆ ಮಾಡಿ ಆರ್ಡರ್ ಹಾಕಿದೆ. ಮಾನ್ವಿಯ ಪರಿಚಯದವರ ಅಂಗಡಿಯ ವಿಳಾಸ ಕೊಟ್ಟೆ.

ಕಂಪ್ಯೂಟರನ್ನು ಊರಿಗೆ ಒಯ್ಯುವುದೂ ಒಂದು ಕೆಲಸವೇ. ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಬೇರೆ ಪೆಟ್ಟಿಗೆಗೆ ಹಾಕಿದೆ. ಅದರ ಭಾರಕ್ಕೆ ರಸ್ತೆಯ ಕುಲುಕಾಟದಲ್ಲಿ ಸ್ಲಾಟೇ ಮುರಿದುಹೋಗಬಹುದು. ಕ್ಯಾಬಿನೆಟ್ಟಿಗೆ ಎರಡು ಕಂಬಳಿ ಸುತ್ತಿ, ಮಗುವಿನ ಹಾಗೆ ಕಾಲ ಹತ್ತಿರ ಇಟ್ಟುಕೊಂಡು ರಾತ್ರಿ ಪ್ರಯಾಣ ಮಾಡಿದೆ.

ಶುಕ್ರವಾರ ಮಾನ್ವಿಗೆ ಹೋಗಿ ಪಾರ್ಸೆಲ್ ತಂದೆ. ಬರುವಾಗ ಮಂಡಾಳ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದೆ, ಅಷ್ಟು ಧೈರ್ಯ. ಕರೆಂಟು ತೆಗೆದು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತು ಕಳೆದುಕೊಂಡು, ಕಾರ್ಡನ್ನು ಓರೆಯಾಗಿ ತೂರಿಸಿ, ಕೆಳಗೆ ಒತ್ತಿ ಸ್ಕ್ರೂ ಬಿಗಿದೆ. ಅಳತೆ ಮಾಡಿ ಹೊಲಿದ ಹಾಗೆ ಕೂತಿತು. ಕಂಪ್ಯೂಟರ್ ಆನ್ ಮಾಡಿದೆ. ವೈಫೈ ಗುರುತೇ ಇಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ನೋಡಿದೆ. ಹಳದಿ ತ್ರಿಕೋನವಾದರೂ ಇದ್ದರೆ ಡ್ರೈವರ್ ಇಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಅದೂ ಇಲ್ಲ. ಕಾರ್ಡು ಒಳಗಿದೆ ಅನ್ನೋದೇ ಕಂಪ್ಯೂಟರಿಗೆ ಗೊತ್ತಿಲ್ಲ.

ಮೂರು ಸಲ ಬಿಚ್ಚಿ ಹಾಕಿದೆ. ಬಯಾಸ್‌ನೊಳಗೆ ಹೊಕ್ಕು ನೋಡಿದೆ. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಓದುತ್ತಾ ಕೂತಾಗ ಸಂಗತಿ ತಿಳೀತು.

ಎಎಕ್ಸ್201 ಪೂರ್ತಿ ವೈಫೈ ಕಾರ್ಡೇ ಅಲ್ಲ. ಖರ್ಚು ಉಳಿಸಲು ಇಂಟೆಲ್‌ನವರು ವೈಫೈಯ ಮಿದುಳಿನ ಕೆಲಸವನ್ನು ತಮ್ಮ ಚಿಪ್‌ಸೆಟ್ಟಿನೊಳಗೇ ಇಟ್ಟು, ಕಾರ್ಡಿನಲ್ಲಿ ರೇಡಿಯೊ ಭಾಗವನ್ನು ಮಾತ್ರ ಬಿಟ್ಟಿದ್ದಾರೆ. ಈ ಏರ್ಪಾಡಿಗೆ ಸಿಎನ್‌ವಿಐ ಅಂತ ಹೆಸರು. ಕಾರ್ಡು ಬಾಯಿ ಇದ್ದ ಹಾಗೆ, ಮಾತು ಹುಟ್ಟೋದು ಚಿಪ್‌ಸೆಟ್ಟಿನಲ್ಲಿ. ಎಎಮ್‌ಡಿ ಬೋರ್ಡಿನಲ್ಲಿ ಆ ಅರ್ಧ ಇಲ್ಲವೇ ಇಲ್ಲ. ಇಂಟೆಲ್‌ನದೇ ಹಳೆಯ ಬೋರ್ಡುಗಳಲ್ಲೂ ಇರೋದಿಲ್ಲ. 201, 211 ಇಂಥ ಅರ್ಧ ಕಾರ್ಡುಗಳು. 200, 210 ಪೂರ್ತಿ ಕಾರ್ಡುಗಳು. ಅವು ಪಿಸಿಐಇ ದಾರಿಯಲ್ಲಿ ಮಾತಾಡುತ್ತವೆ, ಎಎಮ್‌ಡಿ ಬೋರ್ಡಿನಲ್ಲೂ ನಡೆಯುತ್ತವೆ. ಕೊನೆಯ ಒಂದು ಅಂಕಿ ನೋಡದೆ 1,300 ರೂಪಾಯಿ ನೀರಿಗೆ ಹಾಕಿದ್ದೆ.

ನಾನು ತಲೆ ಹಿಡ್ಕೊಂಡು ಕೂತದ್ದು ನೋಡಿ ಅವ್ವ ಬಂದಳು. "ಏನಾತವಾ?"

"ಕಾರ್ಡು ಸ್ಲಾಟಿನ್ಯಾಗ ಕುಂತೈತಿ. ಖರೇ, ಕಂಪ್ಯೂಟರಿಗಿ ಅದರ ಮಾತು ತಿಳೀವಲ್ದು."

ಅವ್ವ ಅಪ್ಪನ ಕಡೆ ನೋಡಿದಳು. "ಕೂಡಿ ಬರಲಿಲ್ಲ ಅನ್ನು" ಅಂದಳು. ಜಾತಕಕ್ಕೆ ಹೇಳುವ ಮಾತು. ಕಂಪ್ಯಾಟಿಬಲ್ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಇವತ್ತಿನ ತನಕ ಸಿಕ್ಕಿಲ್ಲ.

ಶನಿವಾರ ಮತ್ತೆ ಮಾನ್ವಿ. ಮೊಬೈಲ್ ಅಂಗಡಿಯಲ್ಲಿ ಬೆರಳ ತುದಿಯಷ್ಟಿನ ಯುಎಸ್‌ಬಿ ವೈಫೈ ಡಾಂಗಲ್ ಸಿಕ್ಕಿತು, 450 ರೂಪಾಯಿ. ಬರೀ 2.4 ಗಿಗಾಹರ್ಟ್ಸಿನದು. ಕ್ಯಾಬಿನೆಟ್ಟಿನ ಹಿಂದೆ ಚುಚ್ಚಿದೆ. ನೆಟ್ಟು ಬಂತು, ಹೋಯ್ತು, ಬಂತು, ಹೋಯ್ತು. ಎದುರಿಗೆ ಕಬ್ಬಿಣದ ಡಬ್ಬಿ, ಅದರಾಚೆ ಒಂದು ಕಲ್ಲಿನ ಗೋಡೆ, ಅದರಾಚೆ ಇಟ್ಟಿಗೆಯ ಗೋಡೆ. ಪಾಪ, ಅದಾದರೂ ಏನು ಮಾಡೀತು. ಸಾಲದ್ದಕ್ಕೆ ಪಕ್ಕದ ಯುಎಸ್‌ಬಿ 3.0 ಪೋರ್ಟಿಗೆ ಹಾರ್ಡ್‌ಡಿಸ್ಕ್ ಚುಚ್ಚಿದ್ದೆ. ಯುಎಸ್‌ಬಿ 3.0 ಓಡುವಾಗ ಹೊರಡುವ ರೇಡಿಯೊ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸಿನ ಪಟ್ಟಿಯ ಮೇಲೇ ಬೀಳುತ್ತೆ. ಇದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ಪ್ರಕಟಿಸಿದೆ. ಡಾಂಗಲನ್ನು ಒಂದು ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಿ ಮೇಜಿನ ಮೇಲೆ ದೂರ ಇಟ್ಟೆ. ಸ್ವಲ್ಪ ಸುಧಾರಿಸಿತು. ಮೇಲ್ ನೋಡೋಕೆ ಸಾಕು, ಐದಾರು ಜಿಬಿಯ ವಿಡಿಯೊ ಕಳಿಸೋಕೆ ಸಾಲದು.

ಭಾನುವಾರ ಸಂಜೆ ಮೂರು ಆಯ್ಕೆ ಉಳಿದಿದ್ದವು. ದೊಡ್ಡಪ್ಪನನ್ನು ಕೇಳೋದು, ಲೀಡ್‌ಗೆ ಫೋನ್ ಮಾಡಿ ಆಗೋದಿಲ್ಲ ಅನ್ನೋದು, ಇಲ್ಲಾ ಬೇರೆ ಉಪಾಯ ಹುಡುಕೋದು. ಅಪ್ಪ ಹೊರಸಿನ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ಅರ್ಥ ಆಗುತ್ತೆ. ಹೇಳೋಕೆ ಮಾತ್ರ ಆಗೋದಿಲ್ಲ.

ಉಪಾಯ ಕೈಯಲ್ಲೇ ಇತ್ತು. ನನ್ನ ಫೋನು ದೊಡ್ಡಪ್ಪನ ವೈಫೈ ಹಿಡಿಯುತ್ತಿತ್ತು, ಡಾಂಗಲಿಗಿಂತ ಚೆನ್ನಾಗಿಯೇ ಹಿಡಿಯುತ್ತಿತ್ತು. ಆ ಫೋನನ್ನು ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿದೆ. ಟೆದರಿಂಗ್ ಅಂದರೆ ಸಿಮ್ಮಿನ ಡೇಟಾ ಹಂಚೋದು ಅಂತ ಮಾತ್ರ ತಿಳಿದಿದ್ದೆ. ಆಂಡ್ರಾಯ್ಡ್ ಫೋನು ವೈಫೈಗೆ ಸೇರಿಕೊಂಡಿದ್ದರೆ ಆ ವೈಫೈಯನ್ನೇ ಕಂಪ್ಯೂಟರಿಗೆ ದಾಟಿಸುತ್ತೆ. ಫೋನೇ ವೈಫೈ ಕಾರ್ಡಾಯ್ತು. ಅಪ್ಪನ ಹೊರಸಿನ ತಲೆದೆಸೆಯ ಬೆಳಕಿಂಡಿಯ ಹತ್ತಿರ ಫೋನು ಇಟ್ಟರೆ ಸಿಗ್ನಲ್ ಸರಿಯಾಗಿ ಸಿಗುತ್ತಿತ್ತು. ಉದ್ದನೆಯ ಕೇಬಲ್ ಎಳೆದು ಅಲ್ಲಿಟ್ಟೆ.

ಸೋಮವಾರ ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಆನ್‌ಲೈನ್ ಬಂದೆ. ಮಧ್ಯಾಹ್ನದ ಹೊತ್ತಿಗೆ ಫೋನು ಮುಟ್ಟಿದರೆ ಸುಡುತ್ತಿತ್ತು. ಅವ್ವ ಬೀಸಣಿಗೆಯಿಂದ ಅಪ್ಪನಿಗೆ ಒಂದೆರಡು ಸಲ, ಫೋನಿಗೆ ಒಂದೆರಡು ಸಲ ಗಾಳಿ ಬೀಸುತ್ತಿದ್ದಳು. ಆದರೂ ಕೆಲಸ ನಡೆಯಿತು.

ಸರಿಯಾದ ಕಾರ್ಡು ತರಿಸಬೇಕಲ್ಲ. ಆ ವಾರವೇ ವಿಜಯದಾಸರ ಆರಾಧನೆ, ಕಾರ್ತಿಕ ಶುದ್ಧ ದಶಮಿ. ಎಲ್ಲೆಲ್ಲಿಂದಲೋ ಜನ ಊರಿಗೆ ಬರ್ತಾರೆ. ದೊಡ್ಡಪ್ಪನ ಮಗನೂ ಬರ್ತಾನೆ ಅಂತ ದೊಡ್ಡವ್ವ ಹೇಳಿದ್ದಳು. ಚಿಕ್ಕವನಿದ್ದಾಗ ಅವನನ್ನು ಎತ್ತಿ ಆಡಿಸಿದವಳು ನಾನು. ಪಾಲಾದ ಮೇಲೆ ಬೆಂಗಳೂರಿನಲ್ಲಿ ಒಂದೇ ಮೆಟ್ರೋದಲ್ಲಿ ಎದುರಾದರೂ ತಲೆ ಆಡಿಸಿ ಸುಮ್ಮನಾಗುತ್ತಿದ್ದೆವು. ದೊಡ್ಡವರು ಮಾಡಿದ ಜಗಳ, ನಾವು ಯಾಕೆ ಅಂತ ಇಬ್ಬರೂ ಕೇಳಿಕೊಂಡಿರಲಿಲ್ಲ.

ಅವನಿಗೆ ಮೆಸೇಜು ಹಾಕಿದೆ. "ಎಎಕ್ಸ್210 ಕಾರ್ಡು, ಜೊತೆಗೆ ಎಮ್‌ಎಚ್‌ಎಫ್4 ಕನೆಕ್ಟರಿನ ಎರಡು ಆಂಟೆನಾ ವೈರು, ಆಯಸ್ಕಾಂತದ ತಳದ ಉದ್ದ ವೈರಿನ ಆಂಟೆನಾ. ಎಸ್.ಪಿ. ರೋಡಿನಲ್ಲಿ ಸಿಗುತ್ತೆ. ತರೋಕಾಗುತ್ತಾ?" ಎರಡು ನಿಮಿಷದಲ್ಲಿ ಉತ್ತರ ಬಂತು. "ತರ್ತೀನಿ ಅಕ್ಕ. 211 ಅಲ್ಲ ತಾನೇ? ಅದು ಎಎಮ್‌ಡಿಗೆ ಆಗಲ್ಲ." ಇಷ್ಟು ದಿನ ಮಾತಾಡದೆ ನಾನು 1,300 ರೂಪಾಯಿ ಕಳಕೊಂಡೆ ಅಂತ ಆವಾಗ ಅನ್ನಿಸಿತು.

ಬುಧವಾರ ಬೆಳಿಗ್ಗೆ ರಾತ್ರಿ ಬಸ್ಸಿನಿಂದ ಇಳಿದವನು ಬ್ಯಾಗ್ ಸಮೇತ ಹಿತ್ತಲ ಬಾಗಿಲಿಗೇ ಬಂದ. ಅವ್ವ ಒಂದು ಗಳಿಗೆ ಏನು ಮಾಡಬೇಕು ತಿಳೀದೆ ನಿಂತಳು. ಆಮೇಲೆ, "ಮೊದಲ ಕಾಲ ತೊಳ್ಕೊಂಡು ರೊಟ್ಟಿ ತಿನ್ನು" ಅಂದಳು.

ಇಬ್ಬರೂ ನೆಲದ ಮೇಲೆ ಕೂತು ಕ್ಯಾಬಿನೆಟ್ ಬಿಚ್ಚಿದೆವು. ಕಾರ್ಡು ಕೂರಿಸೋದು ಸುಲಭ. ಕಷ್ಟ ಇರೋದು ಆಂಟೆನಾ ವೈರಿನಲ್ಲಿ. ಕಾರ್ಡಿನ ಮೇಲೆ ಸಾಸಿವೆ ಕಾಳಿನಷ್ಟಿನ ಎರಡು ಚಿನ್ನದ ಬಣ್ಣದ ಗುಂಡಿ ಇರುತ್ತವೆ. ವೈರಿನ ತುದಿಯನ್ನು ಅದರ ಮೇಲೆ ನೇರವಾಗಿ ಇಟ್ಟು ಒತ್ತಬೇಕು. ಓರೆ ಒತ್ತಿದರೆ ತುಳುಕು ಬಾಗಿ ಹೋಗುತ್ತೆ. ಹಳೆಯ ಲ್ಯಾಪ್‌ಟಾಪ್ ಕಾರ್ಡಿನ ವೈರು ಇದಕ್ಕೆ ಆಗೋದಿಲ್ಲ, ಅದರ ತುದಿ ಇದಕ್ಕಿಂತ ದೊಡ್ಡದು. ನನ್ನ ಕೈ ನಡುಗುತ್ತಿತ್ತು. ತಮ್ಮ ಟಾರ್ಚ್ ಹಿಡಿದ, ನಾನು ಉಗುರಿನಿಂದ ಒತ್ತಿದೆ. ಟಕ್ ಅಂತ ಸಣ್ಣ ಸದ್ದು. ಇನ್ನೊಂದಕ್ಕೆ ನಾನು ಟಾರ್ಚ್ ಹಿಡಿದೆ, ಅವನು ಒತ್ತಿದ. ಕಾರ್ಡನ್ನು ಬೋರ್ಡಿಗೆ ಬಿಗಿಯುವ ಮುಂಚೆಯೇ ವೈರು ಹಾಕಿಕೊಂಡರೆ ಕೈಗೆ ಜಾಗ ಸಿಗುತ್ತೆ ಅನ್ನೋದು ಅವನು ಹೇಳಿಕೊಟ್ಟ ಉಪಾಯ.

ಆನ್ ಮಾಡಿದಾಗ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಕಾಣಿಸಿತು. ಜನ್ಮದಲ್ಲಿ ಮೊದಲ ಸಲ ಅದನ್ನು ನೋಡಿ ಸಂತೋಷಪಟ್ಟೆ. ಕಾರ್ಡು ಇದೆ ಅಂತ ಕಂಪ್ಯೂಟರಿಗೆ ಗೊತ್ತಾಗಿದೆ, ಡ್ರೈವರ್ ಒಂದು ಬೇಕು. ನೆಟ್ಟಿಗೆ ಕಾರ್ಡು ಬೇಕು, ಕಾರ್ಡಿಗೆ ಡ್ರೈವರ್ ಬೇಕು, ಡ್ರೈವರಿಗೆ ನೆಟ್ಟು ಬೇಕು. ಮತ್ತೆ ಅದೇ ಫೋನನ್ನು ಕೇಬಲಿನಿಂದ ಜೋಡಿಸಿ ಡ್ರೈವರ್ ಇಳಿಸಿದೆವು. ವೈಫೈಗೆ ಒಂದು, ಬ್ಲೂಟೂತಿಗೆ ಒಂದು.

ಆಂಟೆನಾವನ್ನು ಕ್ಯಾಬಿನೆಟ್ಟಿನ ಹಿಂದೆ ಬಿಡದೆ, ವೈರು ಎಳೆದು ತಿಜೋರಿಯ ತಲೆಯ ಮೇಲೆ, ಬೆಳಕಿಂಡಿಯ ಎದುರಿಗೆ ಇಟ್ಟೆವು. ಹಿಂದೆ ಇದ್ದಾಗ ಸಿಗ್ನಲ್ ಮೈನಸ್ 82 ಡಿಬಿಎಮ್ ತೋರಿಸುತ್ತಿತ್ತು, ಈಗ ಮೈನಸ್ 61. ಈ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ಮೂರು ಅಂಕಿ ಸುಧಾರಿಸಿದರೆ ಶಕ್ತಿ ಎರಡು ಪಟ್ಟು ಆದ ಹಾಗೆ. 5 ಗಿಗಾಹರ್ಟ್ಸ್ ವೇಗವಾಗಿ ಓಡುತ್ತೆ, ಆದರೆ ಕಲ್ಲಿನ ಗೋಡೆ ಕಂಡರೆ ಸುಸ್ತಾಗುತ್ತೆ. 2.4 ನಿಧಾನ, ಆದರೆ ಗೋಡೆ ದಾಟುತ್ತೆ. ಬೆಳಕಿಂಡಿಯ ಪುಣ್ಯದಿಂದ ನಮಗೆ 5 ಕೂಡ ಸಿಕ್ಕಿತು. ಕಾರ್ಡಿನಲ್ಲಿ 6 ಗಿಗಾಹರ್ಟ್ಸ್ ಸೌಕರ್ಯವೂ ಇದೆ. ಆದರೆ ರೂಟರಿನಲ್ಲಿ ಅದಿಲ್ಲ, ಹಾಗಾಗಿ ಅದು ಸುಮ್ಮನೆ ಕೂತಿದೆ. ಕಾರ್ಡು ಎಷ್ಟೇ ದೊಡ್ಡದಿರಲಿ, ಆ ಕಡೆಯ ರೂಟರು ಕೊಟ್ಟಷ್ಟೇ ನಮಗೆ ಬರೋದು.

ನಿಮ್ಮಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುವವರಿದ್ದರೆ ನಾನು ಪೆಟ್ಟು ತಿಂದು ಕಲಿತದ್ದು ಇಷ್ಟು. ಮೊದಲು ಬೋರ್ಡಿನ ಪುಸ್ತಕದಲ್ಲಿ ಕೀ ಇ ಸ್ಲಾಟು ಇದೆಯಾ ನೋಡಿ. ಇದ್ದರೆ, ಎಎಮ್‌ಡಿ ಬೋರ್ಡಿಗೆ 200 ಅಥವಾ 210 ತಗೊಳ್ಳಿ, ಕೊನೆಗೆ 1 ಇರುವುದನ್ನು ಮುಟ್ಟಬೇಡಿ. ಸ್ಲಾಟು ಇಲ್ಲದಿದ್ದರೆ ಪಿಸಿಐಇ ಸ್ಲಾಟಿಗೆ ಹಾಕುವ ದೊಡ್ಡ ಕಾರ್ಡು ಸಿಗುತ್ತೆ. ಆಗ ಗ್ರಾಫಿಕ್ಸ್ ಕಾರ್ಡು ಸಣ್ಣ ಸ್ಲಾಟನ್ನು ಮುಚ್ಚಿ ಕೂತಿಲ್ಲವಲ್ಲ ಅಂತ ನೋಡಿಕೊಳ್ಳಿ. ಮುಚ್ಚಿದ್ದರೆ ಕೆಳಗಿನ ಉದ್ದ ಸ್ಲಾಟು ಖಾಲಿ ಇದ್ದಲ್ಲಿ ಅದರಲ್ಲೂ ಹಾಕಬಹುದು. ಆ ದೊಡ್ಡ ಕಾರ್ಡಿನ ಬ್ಲೂಟೂತ್ ಕೆಲಸ ಮಾಡಬೇಕಾದರೆ ಅದರಿಂದ ಬರುವ ಸಣ್ಣ ವೈರನ್ನು ಬೋರ್ಡಿನ ಯುಎಸ್‌ಬಿ ಪಿನ್ನುಗಳಿಗೆ ಜೋಡಿಸಬೇಕು. ಬಹಳ ಜನ ಇದನ್ನು ಮರೆತು ಕಾರ್ಡೇ ಕೆಟ್ಟಿದೆ ಅಂತ ವಾಪಸ್ ಕಳಿಸ್ತಾರೆ. ಡ್ರೈವರನ್ನು ಮೊದಲೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಇನ್ನೊಂದು ಮಾತಿದೆ, ಅದನ್ನು ನನಗೆ ಕಲಿಸಿದವರು ದೊಡ್ಡಪ್ಪ.

ನಾನು ಬಂದ ದಿನದಿಂದ ಒಂದು ಸಂಗತಿ ನಡೆಯುತ್ತಿತ್ತು. ದಿನಾ ಬೆಳಿಗ್ಗೆ ಗೋಡೆಯ ಆಚೆಯಿಂದ ದೊಡ್ಡಪ್ಪನ ದನಿ ಬರೋದು. "ಸಿಗ್ನಲ್ ಬರಾಕತ್ತದೇನು?" ಯಾರ ಹೆಸರೂ ಹಿಡಿಯದೆ, ಗಾಳಿಗೆ ಕೇಳಿದ ಹಾಗೆ. ನಾನು, "ಬರಾಕತ್ತದ ದೊಡ್ಡಪ್ಪಾ" ಅನ್ನೋದು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮಾಡ್ತಾನೇನು?" ಅನ್ನೋರು. ಅದು ವೈಫೈಗೆ ಕೇಳಿದ ಪ್ರಶ್ನೆ ಅಲ್ಲ ಅಂತ ನನಗೂ ಗೊತ್ತಿತ್ತು. "ಮಾಡ್ತಾರ, ಗಂಜಿ ಕುಡದ್ರು" ಅನ್ನುತ್ತಿದ್ದೆ. ಅಪ್ಪ ಆ ಹೊತ್ತಿಗೆ ಎಚ್ಚರವಾಗಿ ಗೋಡೆಯ ಕಡೆ ತಲೆ ಹೊರಳಿಸಿಕೊಂಡು ಮಲಗಿರುತ್ತಿದ್ದರು.

ಕಾರ್ಡು ಕೂರಿಸಿದ ಮರುದಿನ ಮಗನ ಹಿಂದೆಯೇ ದೊಡ್ಡಪ್ಪ ಬಂದರು. ಬಾಗಿಲಲ್ಲಿ ನಿಂತು, "ಆ ಕಾರ್ಡು ಹೆಂಗ ಕೂಡಿಸೀರಿ ನೋಡಾಮಂತ ಬಂದೆ" ಅಂದರು. ಕಂಪ್ಯೂಟರಿನ ಕಡೆ ಒಂದು ಸಲ ನೋಡಿದರು. ಆಮೇಲೆ ಹೊರಸಿನ ಹತ್ತಿರ ಹೋಗಿ ಕೂತರು. ಅಪ್ಪನ ಬಲಗೈ ತಗೊಂಡು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಇಬ್ಬರೂ ಏನೂ ಮಾತಾಡಲಿಲ್ಲ. ಎಂಟು ವರ್ಷ ಮಾತು ಬಿಟ್ಟವರಲ್ಲಿ ಒಬ್ಬರಿಗೆ ಈಗ ಮಾತೇ ಇಲ್ಲ.

ಅಪ್ಪ ಎಡಗೈ ಎತ್ತಿ ಅಣ್ಣನನ್ನು ತೋರಿಸಿದರು. ಅವ್ವನ ಕಡೆ ನೋಡಿದರು. ಬಾಯಿ ಎರಡು ಮೂರು ಸಲ ತೆರೆದು ಮುಚ್ಚಿದರು. "ಚಾ" ಅಂದರು.

ಅವ್ವ ಒಲೆಯ ಕಡೆ ಓಡಿದಳು.

ಚಹಾ ಕುಡಿಯುತ್ತಾ ದೊಡ್ಡಪ್ಪ ಎಲ್ಲ ವಿಚಾರಿಸಿಕೊಂಡರು. ತಪ್ಪು ಕಾರ್ಡು, ಡಾಂಗಲು, ಸುಡುವ ಫೋನು, ಬೆಂಗಳೂರಿನಿಂದ ಬಂದ ಕಾರ್ಡು, ಎಲ್ಲ. ಕೇಳಿ ಮುಗಿದ ಮೇಲೆ, "ಇಷ್ಟೆಲ್ಲ ಯಾಕ ಮಾಡಿದೆವಾ? ಗ್ವಾಡಿಗಿ ಒಂದು ತೂತು ಹಾಕಿ ವೈರ್ ಎಳದ್ರ ಆಗ್ತಿದ್ದಿಲ್ಲೇನು?" ಅಂದರು.

"ನೀವು ಏನಂತೀರೋ ಅಂತ..."

"ಕೇಳಿದ್ರ ತಾನ ಅನ್ನೋದು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಲಾಟು, ಚಿಪ್‌ಸೆಟ್ಟು, ಆಂಟೆನಾ ಎಲ್ಲ ಪರೀಕ್ಷೆ ಮಾಡಿದವಳು ಆ ಒಂದನ್ನು ಮಾತ್ರ ಪರೀಕ್ಷೆ ಮಾಡಿರಲಿಲ್ಲ. ಕೂಡಿ ಬರೋದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆರಾಧನೆಯ ಗದ್ದಲ ಮುಗಿದ ಮೇಲೆ ದೊಡ್ಡಪ್ಪನೇ ಮೇಸ್ತ್ರಿಯನ್ನು ಕರಕೊಂಡು ಬಂದರು. ಹದಿನೈದು ಮೀಟರ್ ಕ್ಯಾಟ್6 ಕೇಬಲು ಆ ಕಡೆಯಿಂದ ಈ ಕಡೆಗೆ ಬಂತು. ಮೊದಲ ವಾರ ಹೇಗೋ ದಾಟಿತು, ಮೂರು ತಿಂಗಳಿಗೆ ಒಪ್ಪಿಗೆಯೂ ಸಿಕ್ಕಿತು. ಈಗ ವಿಡಿಯೊ ಎಲ್ಲ ಕೇಬಲಿನಲ್ಲೇ ಹೋಗೋದು. ವೈಫೈಗಿಂತ ವೇಗ, ನಡುವೆ ನಿಲ್ಲೋದಿಲ್ಲ.

ಹಾಗಂತ ಕಾರ್ಡು ದಂಡವಾಗಲಿಲ್ಲ. ಅದರಲ್ಲಿರುವ ಬ್ಲೂಟೂತಿಗೆ ಅಪ್ಪನ ಹೆಡ್‌ಫೋನ್ ಜೋಡಿಸಿದ್ದೇನೆ. ವಾರಕ್ಕೆ ಎರಡು ದಿನ ಸ್ಪೀಚ್ ಥೆರಪಿ ಮೇಡಂ ವಿಡಿಯೊ ಕಾಲಿನಲ್ಲಿ ಬರ್ತಾರೆ. ಅಪ್ಪ ಹೊರಸಿನ ಮೇಲೆಯೇ ದಿಂಬಿಗೆ ಒರಗಿ ಕೂತು, ಕಿವಿಗೆ ಹಾಕ್ಕೊಂಡು ಅವರು ಹೇಳಿದ್ದನ್ನು ಹೇಳ್ತಾರೆ. ವೈರು ಇಲ್ಲದ್ದರಿಂದ ಕೈಗೆ ಕಾಲಿಗೆ ತೊಡಕಾಗೋದಿಲ್ಲ. ಈಗ ಹತ್ತಿಪ್ಪತ್ತು ಮಾತು ಬರುತ್ತವೆ. ನೀರು, ಸಾಕು, ಬಾ, ಚಾ.

ಮೇಸ್ತ್ರಿ ಹಾಕಿದ ತೂತು ಕೇಬಲಿಗೆ ಬೇಕಾದ್ದಕ್ಕಿಂತ ದೊಡ್ಡದಾಗಿದೆ, ಮುಷ್ಟಿ ಹೋಗುವಷ್ಟು. ಸಂಜೆ ಅದರಿಂದ ದೊಡ್ಡಪ್ಪನ ಮನೆಯ ಟೀವಿಯ ವಾರ್ತೆ ನಮ್ಮ ಕೋಣೆಗೆ ಕೇಳುತ್ತೆ. ಒಂದು ದಿನ ಅವ್ವ, "ಸಿಮೆಂಟ್ ಮೆತ್ತಿಸಲೇನು? ಇಲಿ ಬರ್ತಾವ" ಅಂದಳು.

ಅಪ್ಪ ಬೇಡ ಅಂತ ತಲೆ ಆಡಿಸಿದರು.